ವೈನಿಯ ಬಲಗಾಲು

ಇದನ್ನು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಏನಾದರೊಂದು ನೆಪ ಸಿಗುತ್ತಿತ್ತು. ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಕಣ್ಣಿನ ಆಪರೇಶನ್ ಆಗಲಿ, ಆಮೇಲೆ ಬರೆದರಾಯಿತು ಎಂದೆ. ಕಣ್ಣು ನೆಟ್ಟಗಾಯಿತು, ಮದುವೆಯಾದ ಹುಡುಗಿಗೆ ಕೂಸೂ ಆಯಿತು, ನಾನು ಮಾತ್ರ ಬರೆಯಲಿಲ್ಲ. ಹತ್ತನೆಯ ಇಯತ್ತೆ ಪಾಸಾದವನು ನಾನು, ಬರೆಯಲು ಬಾರದೆ ಬಿಟ್ಟದ್ದಲ್ಲ. ಒಮ್ಮೆ ಕಾಗದದ ಮೇಲೆ ಇಳಿದರೆ ಅದನ್ನು ನಾನೇ ಓದಬೇಕಲ್ಲ ಎಂಬ ಹೆದರಿಕೆ.

ಹೋದ ತಿಂಗಳು ಬೀಳಗಿಯಲ್ಲಿ ಪರಿಚಯದವರೊಬ್ಬರ ಮಣ್ಣಿಗೆ ಹೋಗಿ ಬಸ್ಸಿನಲ್ಲಿ ಮರಳುತ್ತಿದ್ದೆ. ಗುಡ್ಡದ ಇಳಿಜಾರು ಮುಗಿಯುವ ಕಡೆ ಡ್ರೈವರು ಬಸ್ಸನ್ನು ಬದಿಗೆ ತೆಗೆದು ನಿಲ್ಲಿಸಿದ. ಹಿಂದಿನ ಗಾಲಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಎಲ್ಲರೂ ಇಳಿದೆವು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಮೂಗಿಗೆ ಸೆರಗು ಹಿಡಿದು, "ಏನ್ ಸುಟ್ಟ ನಾತ ಇದು? ಕೂದಲಾ ಸುಟ್ಟಂಗ, ಎಮ್ಮಿ ಕೋಡ ಸುಟ್ಟಂಗ" ಎಂದಳು. "ಬ್ರೇಕ್ ಕಾದೈತಿ ಅಜ್ಜಿ, ಆರಿದ ಮ್ಯಾಲ ಹೋಗೂನು" ಎಂದ ಕಂಡಕ್ಟರ್. ನಾನು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತೆ. ಆ ನಾತ ನನಗೆ ಗುರುತಿನದು. ಅದೇ ರಸ್ತೆ, ಅದೇ ಚಳಿಗಾಲದ ಬಿಸಿಲು. ಎದುರಿಗೆ ಕಬ್ಬು ಕಡಿದ ಹೊಲದಲ್ಲಿ ಉಳಿದ ಒಣಗರಿಯ ರವದಿ ಸುಡುತ್ತಿದ್ದರು. ಬಸ್ಸು ಆರುವವರೆಗೆ ನಾನು ಆ ಒಂದು ಹಂಗಾಮನ್ನು ಪೂರ್ತಿ ನೆನೆದೆ.

ನಮ್ಮದು ಬನಹಟ್ಟಿ. ಮನೆಯ ಮುಂಭಾಗದಲ್ಲಿ ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿ; ಹಿತ್ತಿಲಲ್ಲಿ ನನ್ನ ಪವರ್‌ಲೂಮಿನ ಶೆಡ್ಡು. ಅಣ್ಣನಿಗೆ ಸೀರೆ ವ್ಯಾಪಾರ. ಒಂದು ಹಳೆಯ ಅಂಬಾಸಿಡರ್ ಇತ್ತು. ಜಮಖಂಡಿಯ ವಕೀಲರೊಬ್ಬರಿಂದ ಕೊಂಡದ್ದು, ಹಾಲಿನ ಕೆನೆಯ ಬಣ್ಣದ್ದು. ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದಾಗ, ಡ್ರೈವರನನ್ನು ಇಡುವ ಬದಲು ಹೆಂಡತಿಗೇ ಗಾಡಿ ಕಲಿಸಿದ. ಬೆಳಗಿನ ಜಾವ ರಬಕವಿಯ ಆಚೆಯ ಖಾಲಿ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದ. ಊರು ನಕ್ಕಿತು. "ಸೀರಿ ಉಟ್ಟು ಸ್ಟೇರಿಂಗ್ ಹಿಡದ್ರ ಸೆರಗ ಯಾರ ಹಿಡೀತಾರವಾ?" ಎಂದು ಓಣಿಯವರು ಚೇಷ್ಟೆ ಮಾಡಿದರೆ ವೈನಿ, "ನೀ ಹಿಡೀಬ್ಯಾಡ, ದಾರಿ ಬಿಡು ಸಾಕು" ಎಂದು ಹಾರ್ನ್ ಹೊಡೆಯುತ್ತಿದ್ದರು. ಅಣ್ಣ ತೀರಿಕೊಂಡ ಮೇಲೂ ಅವರು ಗಾಡಿ ಬಿಡಲಿಲ್ಲ, ವ್ಯಾಪಾರವನ್ನೂ ಬಿಡಲಿಲ್ಲ. ಹಿಂದಿನ ಸೀಟಿನ ತುಂಬ ಸೀರೆಯ ಗಂಟು ಹಾಕಿಕೊಂಡು ಮುಧೋಳ, ಬೀಳಗಿ, ಜಮಖಂಡಿ ಸುತ್ತಿ ಬರುತ್ತಿದ್ದರು. ಯಾವ ಅಂಗಡಿಗೆ ಯಾವ ಅಂಚು ಹೋಗುತ್ತದೆ, ಯಾವ ಊರಿನ ಹೆಂಗಸರು ಯಾವ ಹಬ್ಬಕ್ಕೆ ಯಾವ ಬಣ್ಣ ಕೇಳುತ್ತಾರೆ, ಎಲ್ಲ ಅವರ ಬಾಯಲ್ಲೇ ಇತ್ತು. ಎಪ್ಪತ್ತು ದಾಟಿದ ಹೆಂಗಸು ಅಂಬಾಸಿಡರಿನಿಂದ ಇಳಿದು ಗಂಟು ಬಿಚ್ಚುವುದನ್ನು ನೋಡಲೆಂದೇ ಜನ ಅಂಗಡಿಗೆ ಬರುತ್ತಿದ್ದರು.

ನನ್ನ ಮಗ್ಗದ ಸೀರೆಗಳನ್ನೂ ಅವರೇ ಮಾರಿಕೊಡುತ್ತಿದ್ದರು. ಯಾವುದಾದರೂ ಅಂಗಡಿಗೆ ನಾನೇ ಹೋದರೆ, "ಬಾಯಾರು ಬರ್ಲಿಲ್ಲೇನ್ರಿ?" ಎಂದು ವೈನಿಯನ್ನು ಕೇಳುವುದೇ ಮೊದಲ ಮಾತು. ಅದು ನನಗೆ ಚುಚ್ಚುತ್ತಿತ್ತು. ಈಗ ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆ ವರ್ಷ ಕಬ್ಬು ಜೋರಾಗಿ ಬಂದಿತ್ತು. ಸಕ್ಕರೆ ಕಾರ್ಖಾನೆ ಶುರುವಾದರೆ ಸಮೀರವಾಡಿಯ ದಾರಿಯಲ್ಲಿ ಹಗಲು ಇರುಳು ಎರಡೂ ಒಂದೇ. ಹಾಡು ಹಾಕಿಕೊಂಡ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ಜೋಡಿ ಟ್ರಾಲಿ, ಟ್ರಾಲಿಗಳ ಹಿಂದೆ ಒಂದು ಜಲ್ಲೆ ಕಬ್ಬಿಗಾಗಿ ಓಡುವ ಹುಡುಗರು. ಬೆಳಿಗ್ಗೆ ಮಂಜು ಇಳಿದಿರುತ್ತಿತ್ತು, ಸಂಜೆಗೆ ಗಾಳಿಯಲ್ಲಿ ಕಾಕಂಬಿಯ ವಾಸನೆ. ಅಂಥ ಒಂದು ಬೆಳಿಗ್ಗೆ ವೈನಿ ಶೆಡ್ಡಿನ ಬಾಗಿಲಲ್ಲಿ ನಿಂತು ಮಗ್ಗಗಳ ಸಪ್ಪಳದ ಮೇಲೆ ಕೂಗಿ ಹೇಳಿದರು: "ತಮ್ಮಾ, ಬ್ರೇಕ್ ಪೆಡಲ್ ತುಸು ಕೆಳಗ ಹೋಗಾಕತ್ತೈತಿ. ಎಣ್ಣಿ ಕಮ್ಮಿ ಆಗಿರಬೇಕು. ಇವತ್ತ ಮುಧೋಳಕ್ಕ ಹೋಗಬೇಕು, ಒಂದಿಷ್ಟು ನೋಡು."

ನನ್ನ ಕೈಯಲ್ಲಿ ಎಣ್ಣೆಯ ಡಬ್ಬಿ ಇತ್ತು. ಮಗ್ಗ ನಡೆಸುವವನ ಕೈಯಲ್ಲಿ ಅದು ಇದ್ದೇ ಇರುತ್ತದೆ. ಕಿರ್ ಎಂದದ್ದಕ್ಕೆಲ್ಲ ಒಂದು ಹನಿ, ಬಾಗಿಲ ತಿರುಗಣಿಗೆ, ಬಾವಿಯ ಗಡಗಡೆಗೆ, ಮೊಮ್ಮಕ್ಕಳ ಸೈಕಲ್ಲಿಗೆ. ಎಣ್ಣೆ ಹಾಕಿದರೆ ಕೆಡುವ ವಸ್ತು ಲೋಕದಲ್ಲಿದೆ ಎಂದು ನಾನು ಕಲಿತೇ ಇರಲಿಲ್ಲ. ಆ ಹಳೆಯ ಮಾಡೆಲಿನಲ್ಲಿ ಬ್ರೇಕಿನ ಎಣ್ಣೆ ಹಾಕುವ ಡಬ್ಬಿ ಇಂಜಿನ್ನಿನ ಹತ್ತಿರ ಇರುವುದಿಲ್ಲ, ಡ್ರೈವರನ ಕಾಲ ಬುಡದಲ್ಲಿ, ಚಾಪೆಯ ಕೆಳಗೆ ಇರುತ್ತದೆ. ಬ್ರೇಕಿಗೆ ಬೇರೆಯೇ ಎಣ್ಣೆ ಬರುತ್ತದೆ, ಅಂಗಡಿಯಿಂದ ತರಬೇಕು ಎಂಬುದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಣ್ಣ ತರುತ್ತಿದ್ದುದನ್ನು ಕಂಡಿದ್ದೆ. ಆದರೆ ಅಂಗಡಿ ತೆರೆಯುವ ಹೊತ್ತಾಗಿರಲಿಲ್ಲ, ಒಂದು ಮಗ್ಗದಲ್ಲಿ ನೂಲು ಹರಿದಿತ್ತು, ವೈನಿ ಅವಸರ ಮಾಡುತ್ತಿದ್ದರು. ಚಾಪೆ ಎತ್ತಿ, ಮುಚ್ಚಳ ತಿರುವಿ, ಮಗ್ಗದ ಎಣ್ಣೆಯನ್ನು ಕಂಠದವರೆಗೆ ಸುರಿದೆ. ಎರಡು ಸಲ ಪೆಡಲ್ ಒತ್ತಿ ನೋಡಿದೆ. ಗಟ್ಟಿಯಾಗಿ ನಿಂತಿತು.

"ಆತ್ರಿ ವೈನಿ, ಹೋಗ್ರಿ."

"ಲಗೂನ ಆತಲ್ಲೋ! ನಿಮ್ಮಣ್ಣ ಇದ್ದಿದ್ರ ಅರ್ಧಾ ದಿನಾ ಗಾಡಿ ಬುಡಕ ಮಲಗತಿದ್ದ" ಎಂದು ನಕ್ಕು ಹೋದರು.

ಕೆಲವು ದಿನಗಳಾದ ಮೇಲೆ ವೈನಿ ಮತ್ತೆ ಹೇಳಿದರು. "ಗಾಡಿ ಭಾರ ಅನಸಾಕತ್ತೈತಿ ತಮ್ಮಾ. ಯಾರೋ ಹಿಂದಿನಿಂದ ಹಿಡದ ಜಗ್ಗಿದಂಗ. ಮುಧೋಳದಾಗ ಇಳದ ನೋಡಿದ್ರ ಗಾಲಿ ಕೈ ಹಚ್ಚಾಕ ಬರಲಾರದಷ್ಟು ಸುಡಾಕತ್ತಿದ್ವು. ನಾತಾನೂ ಬಂತು."

"ಗಂಟ ಭಾಳ ತುಂಬತೀರಿ ವೈನಿ. ಪಾಪ, ಗಾಡೀನೂ ಮುದಕಿ ಆತಲ್ರಿ" ಎಂದೆ. ನಗಿಸಿದೆನೆಂದು ನನಗೇ ಖುಷಿಯಾಯಿತು. ಅವರು ನಗಲಿಲ್ಲ. "ಜಮಖಂಡಿ ಮಿಸ್ತ್ರಿಗೆ ತೋರಸೋಣೇನು?" ಎಂದರು. "ಹಂಗಾಮ ಮುಗೀಲಿ ತಡೀರಿ" ಎಂದೆ.

ರೋಗ ಏನೆಂದು ಅವರು ಹೆಸರಿಟ್ಟು ಹೇಳಿರಲಿಲ್ಲ, ಅಷ್ಟೆ. ಗಾಲಿ ಕಾಯುತ್ತಿದೆ, ಗಾಡಿ ಹಿಡಿದುಕೊಳ್ಳುತ್ತಿದೆ, ನಾತ ಬರುತ್ತಿದೆ. ಇದಕ್ಕಿಂತ ಹೆಚ್ಚು ಇನ್ನೇನು ಹೇಳಬೇಕಿತ್ತು?

ಬೀಳಗಿಯಿಂದ ಮರಳುವಾಗ ಆಯಿತು. ಇಳಿಜಾರಿನಲ್ಲಿ ಮುಂದೆ ಕಬ್ಬಿನ ಜೋಡಿ ಟ್ರಾಲಿ ಹೋಗುತ್ತಿತ್ತು. ವೈನಿ ಬ್ರೇಕ್ ಒತ್ತಿದ್ದಾರೆ. ಪೆಡಲ್ ನೆಲಕ್ಕೆ ಹೋಗಿದೆ. ಗೇರು ಇಳಿಸಿ, ಕೈಬ್ರೇಕ್ ಎಳೆದು, ಟ್ರಾಲಿಯ ಮೂಲೆಗೆ ಉಜ್ಜಿಕೊಂಡು, ಗಾಡಿಯನ್ನು ರಸ್ತೆಯಿಂದ ಇಳಿಸಿ ಕಬ್ಬು ಕಡಿದ ಹೊಲದೊಳಗೆ ನುಗ್ಗಿಸಿದ್ದಾರೆ. ಎರೆಮಣ್ಣಿನಲ್ಲಿ ಗಾಲಿ ಹೂತು ಗಾಡಿ ನಿಂತಿತು. ಮುಂದಿನ ಮಡ್‌ಗಾರ್ಡ್ ಮಡಚಿತ್ತು, ಒಂದು ದೀಪ ಒಡೆದಿತ್ತು. ವೈನಿಗೆ ಎಡಗೈ ಉಳುಕಿತ್ತು, ಬೇರೆ ಯಾರಿಗೂ ಏನೂ ಆಗಿರಲಿಲ್ಲ.

ಫೋನು ಬಂದ ಮೇಲೆ ನಾನು ಒಂದು ಜೀಪು ಹಿಡಿದು ಹೋಗಿ ಮುಟ್ಟುವಷ್ಟರಲ್ಲಿ ಸಾಕಷ್ಟು ಹೊತ್ತಾಗಿತ್ತು. ಗುಂಪು ಕೂಡಿತ್ತು. ವೈನಿ ಬದುವಿನ ಮೇಲೆ ಸೀರೆಯ ಗಂಟಿಗೆ ಒರಗಿ ಕುಳಿತಿದ್ದರು.

"ಬ್ರೇಕ್ ಬಿತ್ತೋ ತಮ್ಮಾ" ಎಂದರು.

ಟ್ರ್ಯಾಕ್ಟರಿನವನು ನನ್ನನ್ನು ಬದಿಗೆ ಕರೆದು, "ನಾ ಒತ್ತಿ ನೋಡೇನ್ರಿ ಯಜಮಾನ್ರ, ಬ್ರೇಕ್ ಕಲ್ಲ ಇದ್ದಂಗ ಐತಿ. ಅಜ್ಜಿ ಗಾಬರ‍್ಯಾಗ ಬ್ಯಾರೆ ಪೆಡಲ್ ಒತ್ಯಾಳ" ಎಂದ. ನಾನೂ ಹತ್ತಿ ಒತ್ತಿದೆ. ನಿಜ, ಕಲ್ಲಿನಂತೆ ನಿಂತಿತ್ತು. ಗುಂಪಿನಲ್ಲಿ ಯಾರೋ, "ಈ ವಯಸ್ಸಿನಾಗ ಜಪಾ ಮಾಡಬೇಕ್ರಿ, ಡ್ರೈವರ್‌ಕಿ ಅಲ್ಲ" ಎಂದು ನಗಿಸಿದರು. ಖರೆ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೂ ಹಾಗೇ ಅನ್ನಿಸಿತ್ತು. ಅಲ್ಲಿಯವರೆಗೆ ನಾನು ಮಾಡಿದ್ದು ಬರೀ ದಡ್ಡತನ. ಪಾಪ ಶುರುವಾದದ್ದು ಆಮೇಲೆ.

ಗಾಡಿಯನ್ನು ಎಳೆಸಿಕೊಂಡು ಜಮಖಂಡಿಗೆ ಒಯ್ದೆ. ಅಲ್ಲಿ ದಸ್ತಗೀರ ಮಿಸ್ತ್ರಿ ಎಂಬವನ ಗ್ಯಾರೇಜು ಇತ್ತು. ಅಂಬಾಸಿಡರಿನ ಮಟ್ಟಿಗೆ ತನ್ನ ಮುಂದೆ ಯಾರೂ ಇಲ್ಲವೆಂದು ಅವನೇ ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಳಿಕೊಳ್ಳುತ್ತಿದ್ದ. ಕೇಳುವವರು ಇಲ್ಲದಿದ್ದರೆ ಗಾಡಿಗೆ ಹೇಳುತ್ತಿದ್ದ. ಮುಂದಿನ ಗಾಲಿಯನ್ನು ಜಾಕಿನ ಮೇಲೆ ಎತ್ತಿ ಕೈಯಿಂದ ತಿರುಗಿಸಿದ. ತಿರುಗಲಿಲ್ಲ. ಪೆಡಲಿನ ಮೇಲೆ ಯಾರ ಕಾಲೂ ಇರಲಿಲ್ಲ. ಗಾಲಿಯ ಹತ್ತಿರದ ಸಣ್ಣ ನಟ್ಟು ಸಡಿಲಿಸಿದ; ಎಣ್ಣೆ ಪುಚಕ್ಕನೆ ಚಿಮ್ಮಿತು, ಗಾಲಿ ಹಗುರಾಗಿ ತಿರುಗಿತು.

"ಹಾಂ! ಸಿಕ್ಕ ಕಳ್ಳ" ಎಂದ. ಕಾಲ ಬುಡದ ಮಾಸ್ಟರ್ ಸಿಲಿಂಡರ್ ಬಿಚ್ಚಿ, ಒಳಗಿನ ರಬ್ಬರ್ ವಾಷರುಗಳನ್ನು ಅಂಗೈಯಲ್ಲಿ ಹಿಡಿದು ನನಗೆ ತೋರಿಸಿದ. "ನೋಡ್ರಿ ಸಾವಕಾರ್ರ, ಹಲ್ಲಬ್ಯಾನಿ ಬಂದಾವರ ಗಲ್ಲ ಬಾತಂಗ ಬಾತಾವ."

ಆಮೇಲೆ ಒಂದು ಚಹಾದ ಗ್ಲಾಸಿನಲ್ಲಿ ನೀರು ತರಿಸಿ, ಡಬ್ಬಿಯಲ್ಲಿದ್ದುದನ್ನು ಸ್ವಲ್ಪ ಸುರಿದ. ಎಣ್ಣೆ ಮೇಲೆ ಬಂದು ಹಳದಿ ಪದರವಾಗಿ ನಿಂತಿತು.

"ಖರೆ ಬ್ರೇಕ್ ಎಣ್ಣಿ ಆದ್ರ ನೀರಾಗ ಕರಗಿ ಹೋಗತೈತಿ. ಇದ ಸಾರಿನ ಮ್ಯಾಲಿನ ಒಗ್ಗರಣಿ ಇದ್ದಂಗ ತೇಲಾಕತ್ತೈತಿ. ಯಾವನೋ ಶಾಣ್ಯಾ ಮಿಶಿನ್ ಎಣ್ಣಿ ಹಾಕ್ಯಾನ. ರಬ್ಬರ್ ಉಬ್ಬಿ, ಎಣ್ಣಿ ವಾಪಸ್ ಬರೂ ತೂತ ಮುಚ್ಚೇತಿ. ಕಾಲ ತಗದ್ರೂ ಬ್ರೇಕ್ ಬಿಡೂದಿಲ್ಲ. ಬಿಡದ ಗಾಲಿ ಕಾಯತೈತಿ, ಗಾಲ್ಯಾಗಿನ ಎಣ್ಣಿ ಕುದೀತೈತಿ. ಕುದ್ದಾಗ ಒತ್ತಿದ್ರ ಬರೇ ಉಗಿ, ಪೆಡಲ್ ನೆಲಾ ಮುಟ್ಟತೈತಿ. ತಾಸ ಬಿಟ್ಟ ಆರಿದ ಮ್ಯಾಲ ಯಾರ ಬಂದ ಒತ್ತಿದ್ರೂ ಗಟ್ಟಿ. ಪಾಪ, ಬಾಯಾರ ತಪ್ಪ ಏನೂ ಇಲ್ರಿ. ಅವರಾಗಿದ್ದಕ್ಕ ಹೊಲಕ್ಕ ಇಳಿಸ್ಯಾರ. ನಾ ಇದ್ದಿದ್ರ ಟ್ರಾಲಿ ಬುಡಕ ಹೋಗತಿದ್ದೆ." ತನಗಿಂತ ಯಾರನ್ನಾದರೂ ಮೇಲೆಂದು ಅವನು ಹೇಳಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಯಾರ ಹಾಕಿದ್ರೀ ಇದನ್ನ?" ಎಂದು ಕೇಳಿದ. "ಕರಕೊಂಡ ಬರ್ರಿ ಅವನ್ನ, ಶಾಲ ಹೊದಿಸಿ ಸತ್ಕಾರ ಮಾಡೂನು."

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. "ಗೊತ್ತಿಲ್ಲೋ ಮಾರಾಯ, ದಾರ‍್ಯಾಗ ಯಾರೋ ಹಾಕಿರಬೇಕು" ಎಂದೆ. ಗ್ಲಾಸಿನಿಂದ ನನ್ನ ಶೆಡ್ಡಿನ ವಾಸನೆ ಬರುತ್ತಿತ್ತು.

ಆಗ ನಾನು ಒಂದು ಶಾಣ್ಯಾತನ ಮಾಡಿದೆ. "ಬರೇ ರಿಪೇರಿ ಬ್ಯಾಡ, ಎಲ್ಲಾ ಹೊಸಾದು ಹಾಕು. ಖರ್ಚಿನ ಮಾರಿ ನೋಡಬ್ಯಾಡ" ಎಂದೆ. ಮಿಸ್ತ್ರಿಗೆ ಹಬ್ಬವಾಯಿತು. ಕೊಲ್ಹಾಪುರದ ಗುಜರಿಯಿಂದ ಇದೇ ಜಾತಿಯ ಈಚಿನ ಗಾಡಿಯೊಂದರ ಮುಂದಿನ ಡಿಸ್ಕುಗಳನ್ನು ತರಿಸಿದ. ಹಳೆಯ ಡ್ರಮ್ಮು ಬಿಸಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ, ಡಿಸ್ಕು ಗಾಳಿಗೆ ಮೈ ತೆರೆದಿರುತ್ತದೆ, ಬೇಗ ಆರುತ್ತದೆ ಎಂದು ವಿವರಿಸಿದ. ಕಾಲಿನ ಬಲ ಕಡಿಮೆ ಇದ್ದರೂ ಗಾಡಿ ನಿಲ್ಲಲೆಂದು ಬೂಸ್ಟರ್ ಕೂರಿಸಿದ. ಪೈಪುಗಳನ್ನು ತೊಳೆದು ಒಣಗಿಸಿ, ಒಳಗಿನ ರಬ್ಬರನ್ನೆಲ್ಲ ಎಸೆದು ಹೊಸದು ಹಾಕಿದ. ಇದೆಲ್ಲ ಆಗಲು ಹಂಗಾಮಿನ ಅರ್ಧ ಹೋಯಿತು. ಆ ದಿನಗಳಲ್ಲಿ ನಾನು ಬಸ್ಸು ಹತ್ತಿ ಜಮಖಂಡಿಗೆ ಹೋಗಿ ಅವನ ಪಕ್ಕ ಕುಳಿತು ಒಂದೊಂದು ನಟ್ಟು ಬಿಗಿಯುವುದನ್ನೂ ನೋಡುತ್ತಿದ್ದೆ. ತೀರ್ಥಕ್ಷೇತ್ರಕ್ಕೆ ಹೋದವನ ಭಕ್ತಿ ನನ್ನದು. ಮಾತಿನಿಂದ ಕೊಡಬೇಕಾದುದನ್ನು ಕಬ್ಬಿಣದಿಂದ ಕೊಡಬಹುದೆಂದು ಲೆಕ್ಕ ಹಾಕಿದ್ದೆ.

ಆದರೆ ಅದಕ್ಕೂ ಮೊದಲೇ, ಮಿಸ್ತ್ರಿ ಗ್ಲಾಸು ತೋರಿಸಿದ ದಿನದ ಮಧ್ಯಾಹ್ನವೇ, ಆಗಬಾರದ್ದು ಆಗಿಹೋಗಿತ್ತು. ಮನೆಗೆ ಬಂದೆ. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಸುಮ್ಮನಿದ್ದವು. ವೈನಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಪಟ್ಟಿ ಕಟ್ಟಿದ ಕೈಯಿಂದಲೇ ಸೀರೆ ಮಡಚುತ್ತಿದ್ದರು.

"ಮಿಸ್ತ್ರಿ ಏನಂದ್ನೋ? ಬ್ರೇಕ್ ಬಿದ್ದದ್ದು ಖರೆ ಹೌದಿಲ್ಲೋ?"

ಕೇಳುವಾಗ ಅವರು ನನ್ನ ಮುಖವನ್ನು ಎಷ್ಟು ಆಸೆಯಿಂದ ನೋಡಿದರೆಂದರೆ, ಅವರಿಗೆ ಬೇಕಾಗಿದ್ದುದು ಒಂದು 'ಹೌದು' ಮಾತ್ರ. ಹೌದೆಂದರೆ ಮುಂದಿನ ಪ್ರಶ್ನೆ 'ಯಾಕ' ಎಂದು ಬರುತ್ತದೆ. ಚಾಪೆ ಎತ್ತಿದವನು ನಾನೊಬ್ಬನೇ ಎಂಬುದು ಅವರಿಗೆ ಗೊತ್ತು. ಹೊಲದಲ್ಲಿ ಅವರನ್ನು ನೋಡಿ ನಕ್ಕಂತೆ ಓಣಿಯ ಜನ ನನ್ನನ್ನು ನೋಡಿ ನಗುತ್ತಾರೆ. ಇಷ್ಟೇ ಅಲ್ಲ. ಇನ್ನು ಮೇಲೆ ಅಂಗಡಿಗಳಿಗೆ ನಾನೇ ಹೋಗಬಹುದು ಎಂಬುದೂ ಆ ಗಳಿಗೆಯಲ್ಲಿ ತಲೆಯೊಳಗೆ ಹಾದುಹೋಯಿತು.

"ಬ್ರೇಕ್ ಚಲೋನ ಇತ್ತಂತ್ರಿ ವೈನಿ" ಎಂದೆ. "ಹಳೀ ಗಾಡಿ, ಹೊಸಾದು ಹಾಕಿಬಿಡೋಣ ಅಂದಾನ."

ಅವರು ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟರು. "ನಾ ಒತ್ತಿದ್ದು ನೆನಪೈತೋ. ಒತ್ತಿದೆ, ಕೆಳಗ ಏನೂ ಇರಲಿಲ್ಲ."

"ವಯಸ್ಸಾತಲ್ರಿ" ಎಂದೆ.

ಸೀರೆಯ ಅಂಚನ್ನು ತುಸು ಸರಿಸಿ ಅವರು ತಮ್ಮ ಬಲಗಾಲನ್ನು ನೋಡಿಕೊಂಡರು. ಬೇರೆ ಯಾರದೋ ಕಾಲನ್ನು ನೋಡಿದ ಹಾಗೆ. ಆಮೇಲೆ ಮುಚ್ಚಿಕೊಂಡು ಮತ್ತೆ ಸೀರೆ ಮಡಚಲು ಶುರು ಮಾಡಿದರು.

ಹೊಸ ಬ್ರೇಕಿನ ಗಾಡಿ ಬಂದ ದಿನ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಕೀಲಿಯನ್ನು ಅವರ ಮುಂದೆ ಹಿಡಿದೆ. "ಒಂದ ಸುತ್ತ ಹೊಡದ ಬರ್ರಿ ವೈನಿ. ಬೆರಳ ಇಟ್ರ ನಿಂದರತೈತಿ."

ಅವರು ಕೀಲಿ ಮುಟ್ಟಲಿಲ್ಲ. "ಬ್ರೇಕ್ ಹೊಸಾದು ಹಾಕಸ್ಕೊಂಡ ಬಂದಿ, ಚಲೋ ಆತು. ನನ್ನ ಕಾಲ ಎಲ್ಲಿ ಬದಲಿ ಮಾಡಸ್ತಿ?" ಎಂದು ನಕ್ಕರು. ಎಲ್ಲರೂ ನಕ್ಕರು. ಅವರು ಮತ್ತೆಂದೂ ಸ್ಟೇರಿಂಗ್ ಹಿಡಿಯಲಿಲ್ಲ.

ಹಂಗಾಮು ಮುಗಿಯುವವರೆಗೆ ನಾನು ಓಡಿಸಿದೆ. ಅವರು ಹಿಂದಿನ ಸೀಟಿನಲ್ಲಿ, ಗಂಟುಗಳ ನಡುವೆ ಕುಳಿತು ಅಂಗಡಿಗಳನ್ನು ನನಗೆ ಪರಿಚಯ ಮಾಡಿಸುತ್ತ ಬಂದರು. ಇವರು ದೊಡ್ಡ ಅಂಚು ಕೇಳುತ್ತಾರೆ, ಇವರ ತಾಯಿಗೆ ಹುಷಾರಿಲ್ಲ, ಮೊದಲು ಅದನ್ನು ವಿಚಾರಿಸು. ಹೆಸರು ಗೊತ್ತಿದ್ದ ಎಲ್ಲರನ್ನೂ ನನಗೆ ಒಪ್ಪಿಸಿಕೊಟ್ಟರು. ನನಗೆ ಬೇಕಾಗಿದ್ದು ಸಿಕ್ಕಿತು.

ಒಂದು ಮುಸ್ಸಂಜೆ ಸಮೀರವಾಡಿಯ ದಾರಿಯಲ್ಲಿ ದೀಪವಿಲ್ಲದ ಟ್ರಾಲಿಯೊಂದು ತಿರುವಿನಲ್ಲಿ ನಿಂತುಬಿಟ್ಟಿತ್ತು. ನಾನು ನೋಡಿರಲಿಲ್ಲ. ಹಿಂದಿನಿಂದ ಧಪ್ಪೆಂದು ಸಪ್ಪಳ ಬಂತು. ವೈನಿಯ ಬಲಗಾಲು ನೆಲವನ್ನು ಒತ್ತಿದ ಸಪ್ಪಳ. ಅದನ್ನು ಕೇಳಿಯೇ ನಾನು ಬ್ರೇಕ್ ಒತ್ತಿದ್ದು. ಗಾಡಿ ಕಬ್ಬಿನ ತುದಿಗಳು ಗಾಜಿಗೆ ತಾಗುವಷ್ಟು ಹತ್ತಿರ ನಿಂತಿತು. ಆಮೇಲೆ ನಾನು ಕಿವಿಗೊಟ್ಟು ಕೇಳತೊಡಗಿದೆ. ಎಮ್ಮೆ ಅಡ್ಡ ಬಂದರೂ, ಸೈಕಲ್ಲು ತಿರುಗಿದರೂ, ಎಲ್ಲೆಲ್ಲಿ ನಿಲ್ಲಿಸಬೇಕಿತ್ತೋ ಅಲ್ಲೆಲ್ಲ ಆ ಕಾಲು ನನಗಿಂತ ಮೊದಲು ಒತ್ತುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ.

ಆ ಸಂಜೆ ಟ್ರಾಲಿಯ ಹಿಂದೆ ನಿಂತಾಗ ನನ್ನ ಬಾಯಿಯವರೆಗೆ ಬಂದಿತ್ತು. "ವೈನಿ..." ಎಂದೂ ಅಂದೆ.

"ಚಲೋ ಹಿಡದಿ ತಮ್ಮಾ" ಎಂದರು ಅವರು ಹಿಂದಿನಿಂದ. "ನಾ ಇದ್ದಿದ್ರ ಏನ ಆಗತಿತ್ತೋ."

ಹೊಗಳಿಕೆಯನ್ನು ನುಂಗಿದೆ, ಅದರ ಜೊತೆ ಮಾತನ್ನೂ ನುಂಗಿದೆ.

ಮುಂದಿನ ವರ್ಷಗಳಲ್ಲಿ ಅವರು ಆ ಕಾಲನ್ನು ನಂಬುವುದನ್ನೇ ಬಿಟ್ಟರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದರು. ಸಂತೆಗೆ ಒಬ್ಬರೇ ಹೋಗುವುದು ನಿಂತಿತು. ಡಾಕ್ಟರು ನೋಡಿ, ಕಾಲಿಗೆ ಏನೂ ಆಗಿಲ್ಲ ಎಂದರು. "ಅವರಿಗೇನ ಗೊತ್ತು" ಎಂದರು ವೈನಿ. ಹೋದ ಮಳೆಗಾಲದಲ್ಲಿ, ಹಾಸಿಗೆ ಹಿಡಿಯದೆ, ಯಾರಿಗೂ ಹೇಳದೆ, ನಿದ್ದೆಯಲ್ಲೇ ತೀರಿಕೊಂಡರು. ನನಗೆ ಅಷ್ಟೂ ಅವಕಾಶ ಕೊಡಲಿಲ್ಲ ಎಂದು ಬೇಸರ ಮಾಡಿಕೊಂಡೆ. ಆಮೇಲೆ ಅನ್ನಿಸಿತು: ಅವಕಾಶವೆಂದರೆ ಏನು? ಒಂದೇ ಅಂಗಳದಲ್ಲಿ ದಿನಾ ಬೆಳಿಗ್ಗೆ ಚಹಾ ಕುಡಿದಿದ್ದೇವೆ.

ನಮ್ಮ ಮನೆತನದಲ್ಲಿ ಅಣ್ಣನ ಹೆಂಡತಿಯ ಹೆಸರು ಮೈದುನನ ಬಾಯಲ್ಲಿ ಬರಬಾರದು. ದವಾಖಾನೆಯಲ್ಲಿ ಅವರ ಚೀಟಿ ಮಾಡಿಸುವಾಗಲೂ ಹೆಸರು ಕೇಳಿದರೆ ನಾನು ಪಕ್ಕದವರ ಮುಖ ನೋಡುತ್ತಿದ್ದೆ, ಅವರು ಹೇಳುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ಮಣ್ಣು ಹಾಕಿದ ದಿನದವರೆಗೆ ವೈನಿ ಎಂದೇ ಕರೆದೆ. ಆದರೆ ವೈನಿ ಎಂದರೆ ಯಾರೂ ಆಗಬಹುದು, ಊರ ತುಂಬ ವೈನಿಯರಿದ್ದಾರೆ. ಬ್ರೇಕ್ ಬಿದ್ದದ್ದು ಖರೆ. ಬೀಳಿಸಿದ್ದು ನನ್ನ ಕೈಯ ಎಣ್ಣೆ. ಆ ದಿನ ಸರಿಯಾದ ಪೆಡಲನ್ನು, ಸರಿಯಾದ ಹೊತ್ತಿಗೆ, ಸರಿಯಾಗಿ ಒತ್ತಿದವರು ಕಸ್ತೂರೆವ್ವ.